ಮೂಲೆ ಕಾಯುವವನಿಗೆ ಒಂದು ಮತ

ಬದನೆಕಾಯಿ ಆರಿಸುವುದರಲ್ಲೂ ನನ್ನ ತೀರ್ಪಿಗೆ ನಮ್ಮ ಮನೆಯಲ್ಲಿ ಮೂರು ಕಾಸಿನ ಬೆಲೆಯಿಲ್ಲ. ನಾವಿರುವ ಅರೋರಾ ಊರಿನಿಂದ ಅರ್ಧ ಗಂಟೆ ಕಾರು ಓಡಿಸಿ, ಇಂಡಿಯನ್ ಅಂಗಡಿಯ ರಾಶಿಯನ್ನೆಲ್ಲ ಶಾಸ್ತ್ರೋಕ್ತವಾಗಿ ಪರೀಕ್ಷಿಸಿ, ಫಳಫಳ ಹೊಳೆಯುವುದನ್ನೇ ಹೆಕ್ಕಿ ತಂದರೂ, ಹೆಂಡತಿ ಹೆಚ್ಚಿ ನೋಡಿದರೆ ಒಳಗೆ ಬರೀ ಬೀಜ. ಇಂಥವನ ಪಾಲಿಗೆ ಕೆನಡಾ ದೇಶದ ಕಾಲೇಜು ಫುಟ್‌ಬಾಲಿನಲ್ಲಿ ಆ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ ಯಾರೆಂದು ನಿರ್ಣಯಿಸುವ ಗುರುತರ ಹೊಣೆ ಬಂತೆಂದರೆ ನೀವು ನಗುತ್ತೀರಿ. ನಗಿ, ನಾನೂ ಮೊದಲು ನಕ್ಕವನೇ.

ನಡೆದದ್ದಿಷ್ಟು. ಅದು 2017ರ ನವೆಂಬರು. ಮಗಳು ಇಳಾ ಒಶಾವಾ ಎಂಬ ಊರಿನ ಕಾಲೇಜಿನಲ್ಲಿ ಓದುತ್ತ, ಅಲ್ಲಿನ ವಿದ್ಯಾರ್ಥಿಗಳ ರೇಡಿಯೋದಲ್ಲಿ ಆಟೋಟದ ಸುದ್ದಿ ಹೇಳುತ್ತಿದ್ದಳು. ಆ ರಾಷ್ಟ್ರೀಯ ಪ್ರಶಸ್ತಿಗೆ ಮತ ಹಾಕುವವರ ಪಟ್ಟಿಯಲ್ಲಿ ಅವರ ರೇಡಿಯೋಗೂ ಒಂದು ಮತವಿದ್ದು, ಆ ಸಲ ಅದು ಇವಳ ಕೈಗೆ ಬಂದಿತ್ತು. ಕಡೆಯ ಸುತ್ತಿನಲ್ಲಿ ಉಳಿದವರು ಇಬ್ಬರು, ಅದೂ ಒಂದೇ ತಂಡದವರು. ಭಾನುವಾರ ಮಧ್ಯಾಹ್ನದೊಳಗೆ ಒಬ್ಬನ ಹೆಸರು ಕಳಿಸಬೇಕು. ಶನಿವಾರ ಬೆಳಿಗ್ಗೆಯೇ ಲ್ಯಾಪ್‌ಟಾಪ್ ಹೊತ್ತು ಮನೆಗೆ ಬಂದವಳು, "ಅಪ್ಪಾ, ಯು ಪ್ಲೇಯ್ಡ್ ಕಬಡ್ಡಿ, ರೈಟ್? ಸೇಮ್ ಥಿಂಗ್. ಹೆಲ್ಪ್ ಮಿ" ಎಂದಳು.

ಹದಿನೆಂಟು ವರ್ಷ ಈ ದೇಶದಲ್ಲಿದ್ದೂ ನಾನು ಕೈಯಲ್ಲಿ ಚೆಂಡೆಸೆದು ಆಡುವ ಇಲ್ಲಿಯ ಫುಟ್‌ಬಾಲನ್ನು ನೆಟ್ಟಗೆ ನೋಡಿದವನಲ್ಲ. ಶಿರಸ್ತ್ರಾಣಧಾರಿಗಳಾದ ಗಜಕಾಯರು ತೆಂಗಿನಕಾಯಿಯಂಥ ಚೆಂಡಿಗಾಗಿ ಒಬ್ಬರ ಮೇಲೊಬ್ಬರು ಬೀಳುವುದನ್ನು ಆಟವೆನ್ನಲು ಮನಸ್ಸೂ ಒಪ್ಪಿರಲಿಲ್ಲ. ಆದರೆ ಕಬಡ್ಡಿಯೆಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕಾಲೇಜು ತಂಡದ ನಾಯಕನಾಗಿದ್ದ ಹಳೆಯ ಗತ್ತು ಬೆನ್ನುಮೂಳೆಯಲ್ಲಿ ಎದ್ದು ಕುಳಿತಿತು. ಲ್ಯಾಪ್‌ಟಾಪಿನಲ್ಲಿ ಇಬ್ಬರ ಆಟವನ್ನೂ ನೋಡಿದೆ. ಒಬ್ಬ ಅಂಗಳದ ನಡುವೆ ನಿಂತು ಬಂದವರನ್ನೆಲ್ಲ ಕೆಡವುವ ಭೀಮಸೇನ. ಅವನು ಕೆಡವಿದವರ ಲೆಕ್ಕವೇ ಪುಟ ತುಂಬಿತ್ತು. ಇನ್ನೊಬ್ಬ ಎಲ್ಲೋ ಅಂಚಿನಲ್ಲಿ ಸುಮ್ಮನೆ ಓಡಾಡಿಕೊಂಡಿದ್ದ ಬಡಕಲ. ಅವನ ಹೆಸರಿನ ಮುಂದೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಕಾಫಿ ಮುಗಿಯುವ ಮೊದಲೇ ನಾನು ನ್ಯಾಯಾಧೀಶರ ಗಾಂಭೀರ್ಯದಲ್ಲಿ ಭೀಮಸೇನನ ಪರ ತೀರ್ಪಿತ್ತೆ.

ಇಳಾ ಒಪ್ಪಲಿಲ್ಲ. ಆಟವನ್ನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ, ಚೆಂಡನ್ನು ಬಿಟ್ಟು ಆ ಅಂಚನ್ನೇ ನೋಡು ಎಂದು ಬೆರಳಿಟ್ಟು ತೋರಿಸಿದಳು. "ಸೀ? ನೋಬಡಿ ಥ್ರೋಸ್ ಟು ಹಿಸ್ ಸೈಡ್. ಅವ್ನನ್ನ ಕಂಡ್ರೆ ದೇ ಆರ್ ಸ್ಕೇರ್ಡ್, ಅಪ್ಪಾ." ನಿಜ. ಎದುರಾಳಿಗಳು ಅವನಿರುವ ದಿಕ್ಕಿಗೆ ಚೆಂಡನ್ನೇ ಎಸೆಯುತ್ತಿರಲಿಲ್ಲ. ಎಲ್ಲರೂ ಅವನನ್ನು ತಪ್ಪಿಸಿಕೊಂಡು ನಡುವಿಗೆ ನುಗ್ಗಿ ಭೀಮಸೇನನ ಕೈಗೆ ಬೀಳುತ್ತಿದ್ದರು.

ಇದೇ ತಪ್ಪನ್ನು ನಾನು ಹಿಂದೆಯೂ ಒಮ್ಮೆ ಮಾಡಿದ್ದೆ.

ಮೈಸೂರಿನ ನಮ್ಮ ಕಾಲೇಜಿನ ಹಿಂದೆ ಕೆಂಪು ಮಣ್ಣಿನ ಅಂಗಳವೊಂದಿತ್ತು. ಸಂಜೆಯಾದರೆ ಮಂಡಿ ತರಚಿಕೊಂಡು, ಉಸಿರು ಕಟ್ಟಿ ಕಬಡ್ಡಿ ಕಬಡ್ಡಿ ಎನ್ನುತ್ತ, ಆಮೇಲೆ ಗೇಟಿನ ಹೊರಗೆ ಒಂದೇ ಪೊಟ್ಟಣದ ಚುರುಮುರಿಯನ್ನು ನಾಲ್ವರು ಹಂಚಿಕೊಂಡು ತಿನ್ನುತ್ತಿದ್ದ ಆ ದಿನಗಳನ್ನು ನೆನೆದರೆ ಇಂದಿಗೂ ಬಾಯಲ್ಲಿ ಹಸಿಮೆಣಸಿನ ಖಾರ ಹತ್ತುತ್ತದೆ. ನನ್ನ ಆಪ್ತಮಿತ್ರ ಪುಟ್ಟಸ್ವಾಮಿ ಎಡಮೂಲೆಯಲ್ಲಿ ನಿಲ್ಲುತ್ತಿದ್ದ. ಕೂಗಾಟವಿಲ್ಲ, ತೊಡೆ ತಟ್ಟುವುದಿಲ್ಲ. ಸ್ವಲ್ಪ ಬಗ್ಗಿ, ಕೈ ಅಗಲಿಸಿ, ಬಂದವನ ಪಾದವನ್ನೇ ನೋಡುತ್ತಿದ್ದ. ರೈಡಿಗೆ ಬಂದ ಎಂಥ ಶೂರನೂ ಅವನನ್ನು ಕಂಡೊಡನೆ ಬಲಮೂಲೆಯತ್ತ ಹೊರಳುತ್ತಿದ್ದ.

ವಿಶ್ವವಿದ್ಯಾಲಯದ ತಂಡಕ್ಕೆ ನಮ್ಮಿಂದ ಒಬ್ಬನನ್ನು ಕಳಿಸಬೇಕಾದಾಗ ವ್ಯಾಯಾಮದ ಮೇಷ್ಟ್ರು, "ನೀನೇ ಒಂದು ಹೆಸರು ಬರ್ಕೊಡಯ್ಯ" ಎಂದರು. ನಾನು ಸ್ಕೋರಿನ ಪುಸ್ತಕ ಬಿಡಿಸಿ ಕ್ಯಾಚುಗಳನ್ನು ಎಣಿಸಿದೆ. ಪುಟ್ಟಸ್ವಾಮಿಯವು ಬೆರಳೆಣಿಕೆಯಷ್ಟು, ಬಲಮೂಲೆಯವನವು ಸಾಲುಸಾಲು. ಬಲಮೂಲೆಯವನ ಹೆಸರು ಬರೆದುಕೊಟ್ಟೆ. ಆ ತಂಡಕ್ಕೆ ಸೇರಬೇಕೆಂಬುದೊಂದೇ ಪುಟ್ಟಸ್ವಾಮಿಯ ಆಸೆಯಾಗಿತ್ತೆಂದು ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅಂದು ಸಂಜೆ, "ಮೇಷ್ಟ್ರು ಆರಿಸಿದ್ರು ಕಣೋ" ಎಂದು ಸುಳ್ಳು ಹೇಳಿದೆ. ಅವನು "ಹೋಗ್ಲಿ ಬಿಡು" ಎಂದು ಚುರುಮುರಿ ಕೊಡಿಸಿದ.

ಇದನ್ನೆಲ್ಲ ಮಗಳ ಮುಂದೆ ಯಾಕೆ ಹೇಳಿದೆನೋ ಕಾಣೆ. ಕೇಳಿ ಮುಗಿದ ಮೇಲೆ ಅವಳು, "ಡಿಡ್ ಯು ಎವರ್ ಟೆಲ್ ಹಿಮ್?" ಎಂದಳು. ಇಲ್ಲವೆಂದೆ. ಭಾನುವಾರ ಬೆಳಿಗ್ಗೆ ಅಂಚಿನ ಬಡಕಲನಿಗೆ ಮತ ಕಳಿಸಿ, ನನ್ನ ಫೋನನ್ನು ಮೇಜಿನ ಮೇಲೆ ನನ್ನತ್ತ ತಳ್ಳಿದಳು.

ಮೈಸೂರಿನಲ್ಲಿ ಆಗ ಸಂಜೆ ಕಳೆದಿತ್ತು. ಹೈಸ್ಕೂಲಿನಲ್ಲಿ ವ್ಯಾಯಾಮದ ಮೇಷ್ಟ್ರಾಗಿರುವ ಪುಟ್ಟಸ್ವಾಮಿ ಫೋನೆತ್ತಿ ಎಂದಿನಂತೆ ಕ್ಷೇಮಸಮಾಚಾರದ ಪಟ್ಟಿ ಒಪ್ಪಿಸತೊಡಗಿದ. ನಡುವೆ ಬಾಯಿ ಹಾಕಿ, ಅಂದು ಬಲಮೂಲೆಯವನ ಹೆಸರು ಬರೆದವನು ನಾನೇ ಎಂದುಬಿಟ್ಟೆ.

"ಗೊತ್ತು ಕಣೋ" ಎಂದ. "ಮೇಷ್ಟ್ರು ನಿನ್ನ ಚೀಟೀನೇ ಬೋರ್ಡಿಗೆ ಅಂಟಿಸಿದ್ರು. ನಿನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರ ನಂಗೊತ್ತಾಗಲ್ವಾ?"

"ಮತ್ತೆ ಇಷ್ಟು ವರ್ಷ ಯಾಕೆ ಕೇಳ್ಲಿಲ್ಲ?"

"ನೀನಾಗೇ ಹೇಳ್ತೀಯ ಅಂತ ಸುಮ್ನಿದ್ದೆ."

ನನ್ನ ಮದುವೆಯಲ್ಲಿ ಪಂಕ್ತಿಗೆಲ್ಲ ಬಡಿಸಿದ್ದವನು ಇವನು, ನಾನು ವಿಮಾನ ಹತ್ತುವಾಗ ಪೆಟ್ಟಿಗೆ ಹೊತ್ತವನು ಇವನು, ಯುಗಾದಿಗೊಮ್ಮೆ ತಪ್ಪದೆ ಫೋನು ಮಾಡುವವನೂ ಇವನೇ. ಅಷ್ಟನ್ನೂ ಇದು ಗೊತ್ತಿದ್ದೇ ಮಾಡಿದ್ದ. ನಾಚಿಕೆಯಿಂದ ಅಳು ಬಂದದ್ದನ್ನು ಮಗಳಿಂದ ಮುಚ್ಚಿಡಲಾಗಲಿಲ್ಲ.

"ಅದ್ಸರಿ, ಇದೀಗ ಯಾಕೆ ನೆನಪಾಯ್ತು?" ಎಂದ. ಇಳಾಳ ಮತದ ಕತೆ ಹೇಳಿದೆ. ಪೂರ್ತಿ ಕೇಳಿ, ಆ ಮೂಲೆಯ ಹುಡುಗ ಹೇಗೆ ನಿಲ್ಲುತ್ತಾನೆ, ಕಾಲು ನೋಡುತ್ತಾನೋ ಕಣ್ಣು ನೋಡುತ್ತಾನೋ ಎಂದೆಲ್ಲ ವಿಚಾರಿಸಿಕೊಂಡು, ಕಡೆಗೆ ಹೇಳಿದ:

"ಜಾಣೆ ಕಣೋ ನಿನ್ನ ಮಗಳು. ಇನ್ಮೇಲೆ ಟೀಮು ಅವಳೇ ಆರಿಸ್ಲಿ. ನೀನು ಮಾತ್ರ ಆ ಸ್ಕೋರಿನ ಪುಸ್ತಕ ಮುಟ್ಬೇಡ."