ಅಪ್ಪ ಮಾತು ಬಿಟ್ಟ ಬೇಸಿಗೆ

ಬೆಟಗೇರಿಯ ನಮ್ಮ ಓಣಿಯಲ್ಲಿ ಮಗ್ಗಗಳ ಸದ್ದನ್ನೂ ಮೀರಿ ಕೇಳಿಸುತ್ತಿದ್ದದ್ದು ಅಪ್ಪನ ದನಿ. ಪತ್ರಿಕೆಯನ್ನು ತಮ್ಮಷ್ಟಕ್ಕೆ ಓದಿಕೊಳ್ಳುವ ರೂಢಿ ಅವರಿಗಿರಲಿಲ್ಲ. ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದರು, ನಡುನಡುವೆ ತಮ್ಮದೂ ನಾಲ್ಕು ಮಾತು ಸೇರಿಸುತ್ತಿದ್ದರು, ಎದುರು ಮನೆಯ ನೇಕಾರ ಮಗ್ಗ ನಿಲ್ಲಿಸಿ "ಖರೆ ಐತ್ರಿ ಮಾಸ್ತರ" ಅನ್ನುವವರೆಗೆ ಬಿಡುತ್ತಿರಲಿಲ್ಲ. ಗದುಗಿನ ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸುತ್ತಿದ್ದರು. ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ, ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆತನದಲ್ಲಿ. ಮಂತ್ರ ಹೇಳಿ ಪಳಗಿದ ಗಂಟಲು ಭಾಷಣಕ್ಕೆ ತಿರುಗಿಕೊಂಡಿತ್ತು.

ಆಗ ಭಾಷಣಗಳದೇ ಕಾಲ. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಲಕ್ಷ್ಮೇಶ್ವರ, ಶಿರಹಟ್ಟಿಯ ಮೇಲಿನ ಸಂಸ್ಥಾನಿಕರ ಆಳ್ವಿಕೆ ಮುಗಿದು ನಾವೆಲ್ಲ ಮುಂಬಯಿ ಸರಕಾರದವರಾಗಿದ್ದೆವು. ಮುಂಡರಗಿ ದಾಟಿ ಸ್ವಲ್ಪ ಮುಂದೆ ಹೋದರೆ ಹೈದರಾಬಾದಿನ ಸೀಮೆ. ಕನ್ನಡದವರೆಲ್ಲ ಒಂದೇ ರಾಜ್ಯದಲ್ಲಿರಬೇಕೆಂಬ ಕೂಗು ಊರೂರಲ್ಲಿ ಎದ್ದಿತ್ತು. ಶನಿವಾರ ಶಾಲೆ ಬಿಟ್ಟೊಡನೆ ಅಪ್ಪ ಹೆಗಲಿಗೊಂದು ಚೀಲ ಹಾಕಿ ಮೋಟಾರು ಹತ್ತುತ್ತಿದ್ದರು. ಒಂದು ವಾರ ಶಿರಹಟ್ಟಿ, ಇನ್ನೊಂದು ವಾರ ಮುಂಡರಗಿ. ಭಾನುವಾರ ಸಂಜೆ ಧೂಳು ತುಂಬಿದ ತಲೆಯಲ್ಲಿ ತಿರುಗಿ ಬಂದು, ಅಲ್ಲಿ ಮಾಡಿದ ಭಾಷಣವನ್ನೇ ನಮ್ಮ ಮುಂದೆ ಇನ್ನೊಮ್ಮೆ ಮಾಡುತ್ತಿದ್ದರು.

ಅವ್ವನ ಮಾತು ಮಾತ್ರ ಯಾವತ್ತೂ ಪೂರ್ತಿಯಾಗುತ್ತಿರಲಿಲ್ಲ. "ಇವತ್ತ ಬಾವಿ ಕಡೆ ಹೋದಾಗ..." ಎಂದು ಅವಳು ಸುರು ಮಾಡಿದರೆ, "ಬಾವಿ ಅಂದಕೂಡ್ಲೆ ನೆನಪಾತು ನೋಡು" ಎಂದು ಅಪ್ಪ ಚಾಲುಕ್ಯರ ಕಾಲಕ್ಕೆ ಹೋಗಿಬಿಡುತ್ತಿದ್ದರು. ಅವ್ವ ಸಿಟ್ಟಾಗುತ್ತಿರಲಿಲ್ಲ. ಉಳಿದ ಮಾತನ್ನು ನುಂಗಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ನಾನು ಅವರಿಗೆ ಒಬ್ಬಳೇ ಮಗಳು. ಅವ್ವ ಮಿತಭಾಷಿ ಅಂತಲೇ ನಾನು ತಿಳಿದುಕೊಂಡಿದ್ದೆ.

ಏಕೀಕರಣದ ಹಿಂದಿನ ವರ್ಷ, ಹೋಳಿ ಕಳೆದ ಮೇಲೆ, ಮುಂಡರಗಿಯಲ್ಲಿ ಒಂದು ದೊಡ್ಡ ಸಭೆಯಾಯಿತು. ಧ್ವನಿವರ್ಧಕ ಕೆಟ್ಟಿತು. ಬಯಲು ಜಾಗ, ಎದುರು ಗಾಳಿ. ಹಿಂದೆ ಕೂತವರು "ಕೇಳವಲ್ದು" ಎಂದು ಕೂಗಿದರಂತೆ. ಅಪ್ಪ ಇದ್ದ ಶಕ್ತಿಯನ್ನೆಲ್ಲ ಗಂಟಲಿಗೆ ತಂದರು. ಮರುದಿನ ಮನೆಗೆ ಬಂದಾಗ ಅವರ ಬಾಯಿಂದ ಬರೀ ಗಾಳಿ ಹೊರಡುತ್ತಿತ್ತು. ಜ್ಯೇಷ್ಠಮಧು ಆಯಿತು, ಮೆಣಸಿನ ಕಷಾಯ ಆಯಿತು. ಗಂಟಲು ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಹುಬ್ಬಳ್ಳಿಗೆ ಹೋದೆವು. ಡಾಕ್ಟರು ಸಣ್ಣ ಕನ್ನಡಿ ಕಟ್ಟಿದ ಕಡ್ಡಿಯನ್ನು ಬಾಯೊಳಗೆ ಇಟ್ಟು ಬಹಳ ಹೊತ್ತು ನೋಡಿದರು.

"ದನಿ ಹೊಂಡೋ ಜಾಗಾದಾಗ ಗಂಟು ಎದ್ದಾವ್ರಿ ಮಾಸ್ತರ. ಇನ್ನ ಎರಡ ತಿಂಗಳಾ, ಮಿರಗದ ಮಳಿ ಬರೋತನಕ, ಒಂದ ಮಾತೂ ಆಡಬ್ಯಾಡ್ರಿ. ಪಿಸುಮಾತು ಸುದ್ದಾ ಬ್ಯಾಡ. ಇಲ್ಲಂದ್ರ ದನಿ ಪೂರಾ ಹೋಗ್ತೈತಿ."

ಅಪ್ಪ ಏನೋ ಕೇಳಲು ಬಾಯಿ ತೆರೆದರು. ಡಾಕ್ಟರು ಬೆರಳು ತುಟಿಗೆ ಇಟ್ಟರು. ಬರುವಾಗ ರೈಲಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಅವರ ಕಣ್ಣಲ್ಲಿ ನೀರನ್ನು ನಾನು ನೋಡಿದ್ದು ಅದೇ ಮೊದಲು.

ಅಪ್ಪ ಶಾಲೆಗೆ ರಜೆ ಹಾಕಿದರು. ಸುರುವಿನ ದಿನಗಳು ಬಹಳ ಕಷ್ಟದವು. ಅವ್ವ ನನ್ನ ಹಳೆಯ ಪಾಟಿಯನ್ನು ಹುಡುಕಿ ಅಪ್ಪನ ಕೈಗೆ ಕೊಟ್ಟಳು. ಅವರು ಮಾತಾಡುವಷ್ಟೇ ವೇಗದಲ್ಲಿ ಬರೆಯತೊಡಗಿದರು. ಅರ್ಧ ಬರೆದದ್ದನ್ನು ಅಂಗೈಯಿಂದ ಒರೆಸಿ ಮತ್ತೆ ಬರೆಯುವರು. ನಮಗೆ ಓದಲು ಆಗದಿದ್ದರೆ ಪಾಟಿಯನ್ನು ಬಳಪದಿಂದ ಟಕಟಕ ಬಡಿಯುವರು. ದಿನಾಲೂ ಬರುತ್ತಿದ್ದ ಗೆಳೆಯರು ಈಗಲೂ ಬಂದು ಸಭೆ, ಮೆರವಣಿಗೆ, ದಿಲ್ಲಿಯ ಖಬರ ಎಲ್ಲ ಹೇಳಿ ಹೋಗುವರು. ಉತ್ತರ ಕೊಡಲಾಗದ ಅಪ್ಪ ಅವರು ಹೋದ ಮೇಲೆ ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಯುವರು. ರಾತ್ರಿ ನಿದ್ದೆ ಇಲ್ಲ. ಒಂದು ದಿನ ಪಾಟಿ ನೆಲಕ್ಕೆ ಬಿದ್ದು ಒಡೆಯಿತು. ಬಿತ್ತೋ ಒಗೆದರೋ ನನಗೆ ಗೊತ್ತಿಲ್ಲ.

ಅವ್ವ ಚೂರುಗಳನ್ನು ಆರಿಸಿಕೊಂಡು ಎದ್ದುನಿಂತಳು.

"ಡಾಕ್ಟರು ಬಾಯಿ ಮುಚ್ಚ ಅಂದ್ರ ನೀವು ಕೈಲೆ ಒದರಾಕತ್ತೀರಿ. ಗಂಟಲಕ್ಕ ಅಷ್ಟ ಅಲ್ಲ, ನಿಮಗೂ ಸುಮ್ಮನಿರೋದು ಬೇಕಾಗೈತಿ. ಹೆಂಗೂ ಸೂಟಿ ಬಂತು. ಲಕ್ಕುಂಡಿಗೆ ಹೋಗೂಣು ನಡ್ರಿ."

ಲಕ್ಕುಂಡಿ ಅವ್ವನ ತವರೂರು. ಅಲ್ಲಿ ಅವಳ ಅಣ್ಣನ ಮನೆಯಿತ್ತು. ಸೋದರಮಾವ ಹೊಲ ನೋಡಿಕೊಂಡಿದ್ದವರು, ಮಾತಿಗೆ ಅಷ್ಟು ಬಿಡುವಿಲ್ಲದವರು. ಅವರ ಮನೆಯಲ್ಲಿ ನಮಗೊಂದು ಕೋಣೆ ಕೊಟ್ಟರು. ಪತ್ರಿಕೆ ಬರುತ್ತಿರಲಿಲ್ಲ. ಮಗ್ಗದ ಸದ್ದಿಲ್ಲದ ಆ ಊರಿನ ಮಧ್ಯಾಹ್ನ ನನಗೆ ಕಿವಿಯಲ್ಲಿ ಹತ್ತಿ ಇಟ್ಟಂತೆ ಅನಿಸಿತು.

ಸಂಜೆ ಬಿಸಿಲು ಇಳಿದ ಮೇಲೆ ಅವ್ವ ನಮ್ಮಿಬ್ಬರನ್ನೂ ಊರ ಅಂಚಿನ ಮೆಟ್ಟಿಲು ಬಾವಿಗೆ ಕರೆದುಕೊಂಡು ಹೋದಳು. ಬೇಸಿಗೆ ಇದ್ದುದರಿಂದ ನೀರು ಬಹಳ ಕೆಳಗಿತ್ತು. ಕಲ್ಲಿನ ಮೆಟ್ಟಿಲ ಮೇಲೆ ಅವ್ವ ಕೂತಳು, ಸೀರೆಯ ಸೆರಗನ್ನು ಮೊಣಕಾಲಿಗೆ ಸುತ್ತಿಕೊಂಡಳು, ಸುಮ್ಮನೆ ನೀರು ನೋಡತೊಡಗಿದಳು. ಅಪ್ಪ ಕೂತರು, ಎದ್ದರು, ಗೋಡೆಯ ಕೆತ್ತನೆ ನೋಡಿ ಬಂದರು, ನನಗೆ ಬೆರಳು ಮಾಡಿ ಏನೋ ತೋರಿಸಿದರು. ಅದರ ಇತಿಹಾಸ ಹೇಳಲಾಗದೆ ಮತ್ತೆ ಕೂತರು. ಒಂದು ಹರಳು ತೆಗೆದು ನೀರಿಗೆ ಒಗೆದರು. ಅವ್ವ ಅವರ ಕೈ ಹಿಡಿದಳು. ನನ್ನ ಎದುರಿಗೆ ಅವಳು ಅಪ್ಪನ ಕೈ ಹಿಡಿದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಏನು ಮಾಡಬೇಕವ್ವಾ ಇಲ್ಲಿ?" ನಾನು ಕೇಳಿದೆ.

"ಏನೂ ಮಾಡೋದಿಲ್ಲ. ಸುಮ್ಮ ಕುಂಡ್ರೋದು."

"ಧ್ಯಾನ ಮಾಡೋದಾ?"

"ಧ್ಯಾನ ಗೀನ ನನಗ ತಿಳಿಯಂಗಿಲ್ಲ. ನೀರು ನೋಡ್ತೀನಿ, ಅಷ್ಟ."

"ಮನಸ್ಸು ಎಲ್ಲೆರ ಹೋತಂದ್ರ?"

"ಹೋಗ್ಲಿ ಬಿಡು. ಆಕಳಾ ಮೇಯಾಕ ಹೋದಂಗ ಹೋಗ್ತೈತಿ, ಹೊತ್ತು ಮುಣುಗಿದ ಮ್ಯಾಲೆ ತಾನ ಮನಿಗೆ ಬರ್ತೈತಿ. ಬೆನ್ನ ಹತ್ತಬ್ಯಾಡ."

ಅವತ್ತು ನನ್ನ ಮನಸ್ಸು ಬೆಟಗೇರಿಯ ಗೆಳತಿಯರ ಮನೆಗಳನ್ನೆಲ್ಲ ಸುತ್ತಿ ಬಂತು. ಅಪ್ಪನ ಕಾಲು ಅಲುಗುತ್ತಲೇ ಇತ್ತು. ಆದರೂ ದಿನಾಲೂ ಹೋದೆವು. ನಿಧಾನಕ್ಕೆ ಕಣ್ಣಿಗೆ, ಕಿವಿಗೆ ಬೇರೆ ಬೇರೆ ಸಂಗತಿಗಳು ಬೀಳತೊಡಗಿದವು. ಪಾರಿವಾಳಗಳು ಒಂದೊಂದಾಗಿ ಕಲ್ಲಿನ ಸಂದಿಗೆ ಸೇರುವುದು, ನೀರಿನ ಮೇಲಿನ ಬೆಳಕು ಮೆಟ್ಟಿಲು ಹತ್ತಿ ಹೋಗುವುದು, ದೂರದಲ್ಲಿ ಯಾರೋ ಎತ್ತನ್ನು ಕರೆಯುವುದು. ಒಂದು ಸಂಜೆ ಅಪ್ಪನ ಕಾಲು ನಿಂತಿದ್ದನ್ನು ನಾನು ಗಮನಿಸಿದೆ. ಅವರು ಬಾಯಿ ಸ್ವಲ್ಪ ತೆರೆದು, ಮಕ್ಕಳಂತೆ ನೀರು ನೋಡುತ್ತಿದ್ದರು.

ಅದೇ ಸಂಜೆಯೋ ಮರುದಿನವೋ ಅವ್ವ ಮಾತಾಡಿದಳು. ಯಾರೂ ಕೇಳಿರಲಿಲ್ಲ.

"ನಮ್ಮವ್ವ ತೀರಿಕೊಂಡಾಗ ನಾ ಇಷ್ಟಾಕಿ ಇದ್ದೆ" ಎಂದು ಕೈಯಿಂದ ಎತ್ತರ ತೋರಿಸಿದಳು. "ಮನ್ಯಾಗ ಎಲ್ಲಾರೂ ಅಳಬ್ಯಾಡ, ಅಳಬ್ಯಾಡ ಅನ್ನಾವ್ರ. ಕೊಡಾ ತಗೊಂಡು ಇಲ್ಲಿ ಬರ್ತಿದ್ದೆ. ಅಳೂದು ಮುಗಿದ ಮ್ಯಾಲೂ ಇಲ್ಲೇ ಕುಂಡ್ರತಿದ್ದೆ. ಸುಮ್ಮ ಕುಂತಾಗ ಆಕಿ ಮಾರಿ ಕಣ್ಣ ಮುಂದ ಬರ್ತಿತ್ತು ನೋಡ್ರಿ. ಗದ್ದಲದಾಗ ಬರ್ತಿದ್ದಿಲ್ಲ."

ಅಪ್ಪ ಥಟ್ಟನೆ ಅವಳ ಕಡೆ ತಿರುಗಿದರು. ಇಷ್ಟು ವರ್ಷದ ಸಂಸಾರದಲ್ಲಿ ಈ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ. ನಡುವೆ ಬಾಯಿ ಹಾಕಲು ಅವರಿಗೆ ಆಗದ್ದರಿಂದ ಅವ್ವ ನಿಲ್ಲಿಸಲಿಲ್ಲ. ತನ್ನ ತಾಯಿ ಹೇಗೆ ನಗುತ್ತಿದ್ದಳು, ಯಾವ ಹಾಡು ಹೇಳಿ ಬೀಸುತ್ತಿದ್ದಳು, ಮದುವೆಯಾಗಿ ಬೆಟಗೇರಿಗೆ ಬಂದ ಹೊಸದರಲ್ಲಿ ಮಗ್ಗದ ಸದ್ದಿಗೆ ತಲೆ ಹೇಗೆ ಸಿಡಿಯುತ್ತಿತ್ತು, ಎಲ್ಲ ಹೇಳಿದಳು. ಕತ್ತಲಾಯಿತು. ಮನೆಗೆ ಬರುವಾಗ ಅಪ್ಪ ಎಂದಿನಂತೆ ಮುಂದೆ ನಡೆಯಲಿಲ್ಲ. ಅವ್ವನ ಸರಿಸಮ ನಡೆದು ಬಂದರು.

ಕೆಲವು ದಿನಗಳ ಮೇಲೆ ಶಿರಹಟ್ಟಿಯಿಂದ ಒಬ್ಬ ತರುಣ ವಕೀಲರು ಅಪ್ಪನನ್ನು ಹುಡುಕಿಕೊಂಡು ಬಂದರು. ಅವರ ಸಂಗಡ ಮುಂಡರಗಿ ಕಡೆಯ ಒಬ್ಬ ವಯಸ್ಸಾದ ರೈತರಿದ್ದರು. ಇಬ್ಬರೂ ಸಭೆಗಳಲ್ಲಿ ಅಪ್ಪನಿಗೆ ಪರಿಚಯವಾದವರೇ.

"ದೊಡ್ಡ ಸಭಾ ಇಟ್ಟೇವ್ರಿ ಮಾಸ್ತರ" ಎಂದರು ವಕೀಲರು. "ಭಾಷಣ ಬ್ಯಾಡ. ಎದ್ದು ನಿಂತು ನಾಕ ಮಾತು ಅಂದ್ರ ಸಾಕು. ಜನಾ ನಿಮ್ಮ ದನಿ ಕೇಳಾಕ ಕಾದಾರ."

ಅಪ್ಪನ ಮುಖದಲ್ಲಿ ಹಳೆಯ ಉಬ್ಬರ ಕಂಡಿತು. ಅವ್ವನನ್ನು ನೋಡಿದರು. ಅವಳು ಬೇಡವೆನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಅಪ್ಪ ಇಲ್ಲವೆಂದು ತಲೆಯಾಡಿಸಿದರು. ಒಳಗೆ ಹೋಗಿ ತಾವೇ ತಂಬಿಗೆಯಲ್ಲಿ ನೀರು, ಬೆಲ್ಲ ತಂದು ಅವರ ಮುಂದೆ ಇಟ್ಟು ಕೂತರು.

ಆ ಹಿರಿಯರು ಬೆಲ್ಲದ ಚೂರು ಕೈಯಲ್ಲಿ ಹಿಡಿದು ನೋಡುತ್ತಿದ್ದರು.

"ನಿಮಗೊಂದು ಮಾತು ಹೇಳಬೇಕಂತ ಭಾಳ ದಿನದಿಂದ ಇತ್ತು ಮಾಸ್ತರ" ಎಂದರು. "ನನ್ನ ತಂಗೀನ ಕೊಪ್ಪಳದ ಕಡೆ ಕೊಟ್ಟಿದ್ವಿ. ಆಗ ಅದು ನಿಜಾಮನ ರಾಜ್ಯ. ಆಕಿ ಬಾಣಂತನಕ್ಕ ಬೆಲ್ಲ, ಕೊಬ್ರಿ ಕಟಗೊಂಡು ಹೊಂಟೆ. ಗಡಿ ಸುಂಕದ ನಾಕಾದಾಗ ಎಲ್ಲಾ ಕಸಗೊಂಡ್ರು. ಬರಿಗೈಲೆ ಹೋಗಿ ಆಕಿ ಮುಂದ ನಿಂತೆ. 'ಅಣ್ಣಾ, ನೀ ಬಂದೆಲ್ಲಾ, ಅಷ್ಟ ಸಾಕು' ಅಂದ್ಲು. ಅಷ್ಟಾದ ಮ್ಯಾಲೆ ನಿಜಾಮನ ಕಡ್ಯಾವ್ರ ಗದ್ದಲ ಸುರು ಆತು. ಹಾದಿ ಬಂದ್ ಆತು. ಆಕಿ ಜಡ್ಡಾಗಿ ತೀರಿಹೋಗಿದ್ದು ನಮಗ ಗೊತ್ತಾಗಿದ್ದು ಎಲ್ಲಾ ಮುಗಿದ ಮ್ಯಾಲೆ. ನೀವು ನಾಡು ಒಂದಾಗಬೇಕು ಅಂತೀರಿ. ನಾ ಸಭಾಕ್ಕ ಬರೋದು ಅದಕ್ಕ. ಆ ನಾಕಾ ಇದ್ದ ಜಾಗಾ ದಾಟುವಾಗ ಇವತ್ತಿಗೂ ಕಾಲು ಏಳಂಗಿಲ್ಲ."

ಅಪ್ಪ ಅಲುಗದೆ ಕೇಳಿದರು. ಅವರಿಗೆ ದನಿ ಇದ್ದಿದ್ದರೆ ನಾಕಾ ಅಂದೊಡನೆ ಇತಿಹಾಸ ತೆಗೆಯುತ್ತಿದ್ದರು ಅನ್ನುವುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ಮುಂದೆ ಸರಿದು ಆ ಹಿರಿಯರ ಎರಡೂ ಕೈ ಹಿಡಿದುಕೊಂಡರು. ಹಿರಿಯರು ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು. ವಕೀಲರು ಸಭೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಮಿರಗದ ಮಳೆ ಬಿತ್ತು. ನಾವು ಬೆಟಗೇರಿಗೆ ಬಂದೆವು. ಹುಬ್ಬಳ್ಳಿಯ ಡಾಕ್ಟರು ಮತ್ತೆ ಕನ್ನಡಿ ಇಟ್ಟು ನೋಡಿ, "ಇನ್ನ ಮಾತಾಡ್ರಿ, ಸಾವಕಾಶ" ಎಂದರು. ಅಪ್ಪ ತಲೆಯಾಡಿಸಿದರೇ ಹೊರತು ಅಲ್ಲಿ ಮಾತಾಡಲಿಲ್ಲ. ರೈಲಿನಲ್ಲೂ ಇಲ್ಲ. ನಾನು ಅವರ ಬಾಯನ್ನೇ ನೋಡುತ್ತಿದ್ದೆ. ಸಂಜೆ ಅಡಿಗೆಮನೆಯಲ್ಲಿ ಅವ್ವ ಹಿಟ್ಟು ನಾದುತ್ತ, ಎದುರು ಮನೆಯ ನೇಕಾರನ ಹೆಂಡತಿ ತವರಿಗೆ ಹೊರಟು ಅರ್ಧ ದಾರಿಯಿಂದ ತಿರುಗಿ ಬಂದ ಕತೆ ಹೇಳುತ್ತಿದ್ದಳು. ಅಪ್ಪ ಬಾಗಿಲಲ್ಲಿ ಬಂದು ಕೂತದ್ದನ್ನು ನೋಡಿ, ಹಳೆಯ ರೂಢಿಯಂತೆ, ನಡುವೆಯೇ ನಿಲ್ಲಿಸಿದಳು.

"ಹೂಂ, ಆಮ್ಯಾಲೆ?" ಎಂದರು ಅಪ್ಪ.

ಒಡಕು ದನಿ, ಕಬ್ಬಿಣ ತಿಕ್ಕಿದಂತೆ. ಅವ್ವನ ಹಿಟ್ಟಿನ ಕೈ ಹಾಗೇ ನಿಂತಿತು. ಆಮೇಲೆ ನಗುತ್ತ, ಅಳುತ್ತ, ಆ ಕತೆಯನ್ನು ಕೊನೆಯತನಕ ಹೇಳಿದಳು.

ಮರುವರ್ಷ ರಾಜ್ಯ ಒಂದಾಯಿತು. ಗದುಗಿನ ತುಂಬ ತಳಿರು ತೋರಣ, ಬಾಜಾ, ಪಟಾಕಿ. ಸಭೆಯಲ್ಲಿ ಅಪ್ಪನಿಂದಲೂ ಭಾಷಣ ಮಾಡಿಸಿದರು. ಅವರ ದನಿ ಮೊದಲಿನಂತೆ ಏರಲಿಲ್ಲ. ಕೇಳಬೇಕೆಂದರೆ ಜನ ಸುಮ್ಮನಾಗಬೇಕಿತ್ತು, ಸುಮ್ಮನಾದರು. ಬಾಣಂತಿ ತಂಗಿಯ ಹತ್ತಿರ ಬರಿಗೈಲಿ ಹೋದ ಅಣ್ಣನೊಬ್ಬನ ಸಂಗತಿ ಹೇಳಿ, ಅಷ್ಟಕ್ಕೇ ಕೂತರು. "ಮಾಸ್ತರರ ಮೊದಲಿನ ಗತ್ತು ಹೋತು ಬಿಡ್ರಿ" ಎಂದು ನಮ್ಮ ಹಿಂದೆ ಕೂತ ಹೆಂಗಸೊಬ್ಬಳು ಅಂದಳು. ಅವ್ವ ತಿರುಗಿ ನೋಡಲಿಲ್ಲ. ಅವಳ ಕಣ್ಣು ವೇದಿಕೆಯ ಮೇಲಿತ್ತು.

ಮುಂದೆ ನಮ್ಮ ಮನೆಗೂ ರೇಡಿಯೋ ಬಂತು. ಅಪ್ಪ ಅದನ್ನು ಬಹಳ ಪ್ರೀತಿಯಿಂದ ಕೇಳುತ್ತಿದ್ದರು. ಆದರೆ ದೀಪ ಹಚ್ಚುವ ಹೊತ್ತಿಗೆ ಅದರ ಕಿವಿ ತಿರುವಿ ಬಂದ್ ಮಾಡಿ ಇಬ್ಬರೂ ಕಟ್ಟೆಯ ಮೇಲೆ ಕೂರುತ್ತಿದ್ದರು. ಓಣಿಯ ಸದ್ದು ಓಣಿಯ ಪಾಡಿಗೆ, ಇವರು ಇವರ ಪಾಡಿಗೆ. ಅಪ್ಪ ತೀರಿಹೋದ ಮೇಲೂ ಅವ್ವ ಕೂರುತ್ತಿದ್ದಳು.

ನಾನು ಮದುವೆಯಾಗಿ ಮುಂಡರಗಿಗೆ ಹೋದೆ, ಮಕ್ಕಳಾದವು, ಮತ್ತೆ ಗದುಗಿಗೆ ಬಂದೆ. ಈಗಿನ ಮನೆಯಲ್ಲಿ ಬಾವಿಯೂ ಇಲ್ಲ, ಕಟ್ಟೆಯೂ ಇಲ್ಲ. ಟಿವಿ ಒಂದು ಕಡೆ ಒದರುತ್ತದೆ, ಎಲ್ಲರ ಕೈಯಲ್ಲೂ ಮೊಬೈಲು. ನನ್ನ ಕೈಯಲ್ಲೂ ಇದೆ; ನಾನೂ ಸುಮ್ಮನೆ ಅದನ್ನು ತೀಡುತ್ತ ಎಷ್ಟೋ ಹೊತ್ತು ಕಳೆಯುತ್ತೇನೆ. ಸಂಜೆಗೆ ಮಾತ್ರ ಅದನ್ನು ಒಳಗಿಟ್ಟು ಮಾಳಿಗೆಗೆ ಹೋಗುತ್ತೇನೆ. ಒಂದೊಂದು ದಿನ ಮನಸ್ಸು ನಿಲ್ಲುವುದೇ ಇಲ್ಲ. ಬೆನ್ನು ನೋಯುತ್ತದೆ, ಸೊಳ್ಳೆ ಕಚ್ಚುತ್ತವೆ, ಎದ್ದು ಬಂದುಬಿಡುತ್ತೇನೆ. ಒಂದೊಂದು ದಿನ ಅವ್ವನ ಮುಖ ನಿಚ್ಚಳವಾಗಿ ಬರುತ್ತದೆ.

ಕಾಲೇಜಿಗೆ ಹೋಗುವ ಮೊಮ್ಮಗಳು ಮೊನ್ನೆ ಮೇಲೆ ಬಂದಳು. "ಅಜ್ಜಿ, ಒಬ್ಬಾಕಿನ ಏನು ಮಾಡಾಕತ್ತಿ?" ಎಂದಳು.

"ಏನಿಲ್ಲ. ಬಾ, ಕುಂಡ್ರು."

ಕೂತಳು. ಮೊದಲು ಫೋನು ನೋಡಿದಳು, ಆಮೇಲೆ ಅದನ್ನು ಬೋರಲು ಹಾಕಿದಳು. ಬಸ್‌ಸ್ಟ್ಯಾಂಡಿನ ಕಡೆಯಿಂದ ಹಾರ್ನ್ ಕೇಳುತ್ತಿತ್ತು. ಬಹಳ ಹೊತ್ತಿನ ಮೇಲೆ ಅವಳು, ತನಗೆ ಈ ಓದು ಸೇರುತ್ತಿಲ್ಲವೆಂದೂ ಮನೆಯಲ್ಲಿ ಹೇಳಲು ಹೆದರಿಕೆಯೆಂದೂ ನಿಧಾನಕ್ಕೆ ಹೇಳತೊಡಗಿದಳು. ಕೆಳಗಿನಿಂದ ಊಟಕ್ಕೆ ಕರೆದರು. ನಾವು ಏಳಲಿಲ್ಲ.