ಹ್ಯಾರೋದಿಂದ ಕ್ರಾಯ್ಡನ್ನಿಗೆ, ಡ್ಯಾಶ್‌ಬೋರ್ಡಿನ ಹಲ್ಲಿಯ ಜೊತೆ

ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಹ್ಯಾರೋದ ನಮ್ಮ ಮನೆಯಿಂದ ಹೊರಟೆವು. ಕ್ರಾಯ್ಡನ್ನಿನಲ್ಲಿರುವ ಧಾರವಾಡದ ಗೆಳತಿ ಸುಮಂಗಲಾ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಲಂಡನ್ನಿನ ಆ ತುದಿಯಿಂದ ಈ ತುದಿ, ಇಪ್ಪತ್ತು ಮೈಲಿಗಿಂತ ಸ್ವಲ್ಪ ಹೆಚ್ಚು. ಸುರಂಗದ ಟ್ಯೂಬು, ರೈಲು ಎಂದು ಹತ್ತಿ ಇಳಿಯಲು ನಮ್ಮತ್ತೆಯ ಮಂಡಿ ಒಪ್ಪುವುದಿಲ್ಲ. ಹನಿ ಹಾಕುತ್ತಿತ್ತು. ಆ ಚಳಿಯಲ್ಲೂ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಡ್ಯಾಶ್‌ಬೋರ್ಡಿನ ಮೇಲಿನ ಗಣಪತಿಗೆ ಕೈ ಮುಗಿದೆ.

ಗಾಡಿ ಓಡಿಸುವವಳು ನಾನೇ. ನಮ್ಮೆಜಮಾನರು ಡಾಕ್ಟರು. ಕಳೆದ ಯುಗಾದಿಯ ಹಿಂದೆಮುಂದೆ ಅಡುಗೆಮನೆಯಲ್ಲಿ ಫಿಟ್ಸ್ ಬಂದು ಬಿದ್ದರು. ಆಮೇಲೆ ಬಂದಿಲ್ಲ, ದೇವರು ದೊಡ್ಡವನು. ಆದರೆ ಒಂದು ವರ್ಷ ಸ್ಟಿಯರಿಂಗ್ ಮುಟ್ಟುವಂತಿಲ್ಲ. ನನಗೋ, ಇಲ್ಲಿಯ ಲೈಸೆನ್ಸ್ ಸಿಕ್ಕಿ ಎರಡು ವರ್ಷ ತುಂಬಿಲ್ಲ, ಆಗಲೇ ಇಪ್ಪತ್ತು ಮೈಲಿ ಮಿತಿಯ ರಸ್ತೆಯಲ್ಲಿ ವೇಗದ ಕ್ಯಾಮೆರಾಗೆ ಸಿಕ್ಕಿ ದಂಡವಾಗಿ ಮೂರು ಪಾಯಿಂಟ್ ಬಿದ್ದಿವೆ. ಇನ್ನೊಂದು ಸಲ ಸಿಕ್ಕಿದರೆ ಹೊಸಬರ ಲೈಸೆನ್ಸ್ ರದ್ದು. ಮತ್ತೆ ಎಲ್ ಬೋರ್ಡು, ಮತ್ತೆ ಪರೀಕ್ಷೆ. ಆಗ ಇವರನ್ನು ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಬಿಡುವವರು ಯಾರು?

ಅದಕ್ಕೇ ಇವರು ಎರಡು ಯಂತ್ರ ತರಿಸಿದ್ದರು. ಎರಡನ್ನೂ ಓಡಿಸಿ ನೋಡಿ, ಬೇಡವಾದದ್ದನ್ನು ವಾಪಸು ಕಳಿಸಬಹುದು. ಒಂದು ಕಪ್ಪು ಪೆಟ್ಟಿಗೆ, ರೇಡಾರ್ ಡಿಟೆಕ್ಟರ್. ಕ್ಯಾಮೆರಾ ಬಿಡುವ ರೇಡಾರ್ ಅಲೆಯೋ ಲೇಸರೋ ತಾಕಿದರೆ ಸದ್ದು ಮಾಡುತ್ತದೆ. ಇನ್ನೊಂದು ಚಿಕ್ಕದು, ಉಪಗ್ರಹ ನೋಡಿಕೊಂಡು ತನಗೆ ಗೊತ್ತಿರುವ ಕ್ಯಾಮೆರಾಗಳ ಹತ್ತಿರ ಬಂದಾಗ ಇಂಗ್ಲಿಷಿನಲ್ಲಿ ಹೇಳುತ್ತದೆ. ಇದೇನು ಕಳ್ಳರ ಸಾಮಾನೇನೋ ಎಂದು ಅತ್ತೆ ಕೇಳಿದರು. ಈ ದೇಶದಲ್ಲಿ ಇಟ್ಟುಕೊಳ್ಳಬಹುದು, ಪೊಲೀಸರ ಯಂತ್ರವನ್ನು ಕೆಡಿಸುವಂಥದ್ದು ಮಾತ್ರ ಕೂಡದು ಎಂದು ಇವರು ವಿವರಿಸಿದರು. ಜಾಗ ಸಾಲದೆ ಗಣಪತಿಯನ್ನು ಎರಡು ಬೆರಳಿನಷ್ಟು ಸರಿಸಬೇಕಾಯಿತು. ಮನಸ್ಸಿನಲ್ಲೇ ತಪ್ಪಾಯಿತು ಅಂದುಕೊಂಡೆ.

ಗ್ರೀನ್‌ಫರ್ಡಿನಲ್ಲಿ ಒಂದು ಸೂಪರ್‌ಮಾರ್ಕೆಟ್ಟಿನ ಎದುರಿಗೆ ಸಿಗ್ನಲ್ ಬಿತ್ತು. ಹಿಂದಿನ ಸೀಟಿನಿಂದ ಅತ್ತೆ ಮಗನನ್ನು ವಿಚಾರಿಸುತ್ತಿದ್ದರು. ಮಾತ್ರೆ ತಗೊಂಡೆಯಾ, ನಿದ್ದೆ ಮಾಡಿದೆಯಾ, ತಲೆ ಸುತ್ತೇನಾದರೂ ಇದೆಯಾ. ಇವರಿಗೆ ಬೇಸರ ಬಂತು.

“ಅದು ಇನ್ನು ಬರಲ್ಲ ಬಿಡಮ್ಮ,” ಅಂದರು.

ಅಷ್ಟು ಹೇಳುವುದಕ್ಕೂ ಕಪ್ಪು ಪೆಟ್ಟಿಗೆ ಲೊಚ್ ಲೊಚ್ ಅನ್ನುವುದಕ್ಕೂ ಸರಿಹೋಯಿತು. ಥೇಟ್ ನಮ್ಮ ಮೈಸೂರಿನ ಗೋಡೆಯ ಹಲ್ಲಿ. ಮಾತಿನ ಬೆನ್ನಿಗೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜವಾಗುತ್ತದೆ ಎಂದು ನಾವು ನಂಬಿ ಬೆಳೆದವರು. ಅತ್ತೆ ನನ್ನ ಸೀಟಿನ ಬೆನ್ನಿಗೆ ಬೆರಳಿನಿಂದ ತಟ್ಟಿದರು.

“ಕೃಷ್ಣ ಕೃಷ್ಣ. ಸತ್ಯ ಕಣೋ.”

“ಅಮ್ಮ, ಅದು ಅಂಗಡಿ ಬಾಗಿಲು. ತಾನೇ ತೆರೆಯೋ ಬಾಗಿಲಲ್ಲೂ ರೇಡಾರ್ ಇರತ್ತೆ. ಪೆಟ್ಟಿಗೆಗೆ ಮೋಸ ಆಗಿದೆ ಅಷ್ಟೆ.”

“ಬಾಗಿಲು ಆ ಹೊತ್ತಿಗೇ ಯಾಕೆ ತೆರೀಬೇಕಿತ್ತು?”

ಸಿಗ್ನಲ್ ಹಸಿರಾಯಿತು. ಲಂಡನ್ನಿನ ಮನೆಗಳಲ್ಲಿ ಹಲ್ಲಿ ಇಲ್ಲ. ಇಲ್ಲಿಗೆ ಬಂದ ಮೇಲೆ ನಮ್ಮ ಮಾತಿಗೆ ಯಾರೂ ಹೂಂಗುಟ್ಟಿರಲಿಲ್ಲ.

ವೆಸ್ಟರ್ನ್ ಅವೆನ್ಯೂ ಸೇರಿದ ಮೇಲೆ ನಿಜವಾದ ಪರೀಕ್ಷೆ ಶುರುವಾಯಿತು. ಅಲ್ಲಿನ ಹಳದಿ ಕ್ಯಾಮೆರಾಗಳು ರೇಡಾರ್ ಬಿಡುವುದಿಲ್ಲ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಎಷ್ಟು ಹೊತ್ತಿಗೆ ಬಂದಿರಿ ಎಂದು ನಂಬರ್ ಪ್ಲೇಟು ನೋಡಿ ಲೆಕ್ಕ ಹಾಕುತ್ತವೆ. ಕಪ್ಪು ಪೆಟ್ಟಿಗೆ ಬಾಯಿ ಬಿಡಲಿಲ್ಲ. ಚಿಕ್ಕದು ಪ್ರತಿ ಸಲವೂ ಮುಂಚೆಯೇ ಎಚ್ಚರಿಸಿತು. ಕಪ್ಪು ಪೆಟ್ಟಿಗೆಗೆ ಬೇಕಾದದ್ದು ಬೇರೆಯೇ: ಪಕ್ಕದಲ್ಲಿ ಹಾದುಹೋಗುವ ಹೊಸ ಕಾರುಗಳ ಸೆನ್ಸರು, ಪೆಟ್ರೋಲ್ ಬಂಕಿನ ಅಂಗಡಿ, ಔಷಧದ ಅಂಗಡಿ. ಅದು ಲೊಚಗುಟ್ಟಿದಾಗಲೆಲ್ಲ ಹಿಂದಿನಿಂದ ಕೃಷ್ಣ ಕೃಷ್ಣ. ಕ್ಯೂ ಎಂಬ ಊರಿನ ಹತ್ತಿರ ನದಿಯ ಸೇತುವೆ ದಾಟುವಷ್ಟರಲ್ಲಿ ಇವರು ತೀರ್ಪು ಕೊಟ್ಟರು. ಚಿಕ್ಕದು ಇರಲಿ, ಕಪ್ಪು ನಾಳೆಯೇ ವಾಪಸು.

ಥೇಮ್ಸ್ ಕಡೆ ನೋಡಲು ನನಗೆ ಪುರುಸೊತ್ತಿರಲಿಲ್ಲ. ನೀರು ಬೂದಿ ಬಣ್ಣಕ್ಕಿತ್ತು ಎಂದು ಅತ್ತೆ ಹೇಳಿದರು.

ಕ್ರಾಯ್ಡನ್ ಹತ್ತಿರ ಬರುತ್ತಿದ್ದಂತೆ ಸಾಲು ಮನೆಗಳ ನಡುವೆ ಇಳಿಜಾರಿನ ರಸ್ತೆ ಸಿಕ್ಕಿತು. ಮಿತಿ ಇಪ್ಪತ್ತು. ಪೂಜೆಗೆ ತಡವಾಗುತ್ತಿತ್ತು, ಇಳಿಜಾರಿನಲ್ಲಿ ಗಾಡಿ ತಾನಾಗಿ ಓಡುತ್ತಿತ್ತು. ಎದುರಿನಿಂದ ಬಂದ ಯಾವುದೋ ಕಾರಿಗೆ ಕಪ್ಪು ಪೆಟ್ಟಿಗೆ ಲೊಚಗುಟ್ಟಿತು. ಹಲ್ಲಿ ಸದ್ದಾದರೆ ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ನಿಲ್ಲಿಸುವುದು ನನ್ನ ಚಿಕ್ಕಂದಿನ ಅಭ್ಯಾಸ. ಇಲ್ಲಿ ನನ್ನ ಕಾಲು ನಿಂತಿತು, ಬ್ರೇಕಿನ ಮೇಲೆ. ತಿರುವಿನಾಚೆ ಹಳದಿ ಕೋಟಿನ ಪೊಲೀಸನೊಬ್ಬ ವೇಗ ಅಳೆಯುವ ಲೇಸರ್ ಗನ್ನು ಹಿಡಿದು ನಿಂತಿದ್ದ. ನೇರ ನಮ್ಮ ಕಡೆಗೇ ಗುರಿ. ಅದರ ಕಿರಣ ನಮ್ಮ ಮೇಲೆ ಬಿದ್ದಾದ ಮೇಲೆ ಕಪ್ಪು ಪೆಟ್ಟಿಗೆ ಒಂದೇ ಸಮನೆ ಅರಚಿಕೊಂಡಿತು. ಚಿಕ್ಕದಕ್ಕೆ ಅವನ ಸುದ್ದಿಯೇ ಗೊತ್ತಿರಲಿಲ್ಲ. ಇವರು ಸ್ಪೀಡೋಮೀಟರಿನ ಕಡೆ ಬಗ್ಗಿದರು. ನನಗೆ ಅದನ್ನು ನೋಡಲೂ ಧೈರ್ಯ ಬರಲಿಲ್ಲ.

“ಹತ್ತೊಂಬತ್ತು,” ಅಂದರು ಮೆಲ್ಲಗೆ.

ಪೊಲೀಸ್ ಗನ್ನು ಇಳಿಸಿ ನಮ್ಮ ಹಿಂದಿನ ಕಾರಿನ ಕಡೆ ತಿರುಗಿದ. ಬಾಗಿಲಿನಲ್ಲಿ ಸುಮಂಗಲಾ ಅವರನ್ನು ಕಂಡಾಗ ಮೊದಲು ನೀರು ಕೇಳಿದೆ.

ಪೂಜೆಯ ಕಥೆ ಶುರುವಾಗುವ ಮೊದಲೇ ತಲುಪಿದ್ದೆವು, ಅದೂ ದೊಡ್ಡದೇ. ಮಂಗಳಾರತಿ ಆಯಿತು. ತುಪ್ಪ ಒಸರುವ ರವೆಯ ಸಪಾದ, ಚಿತ್ರಾನ್ನ, ಕಡಲೆ ಕೋಸಂಬರಿ. ಊಟದ ನಡುವೆ ಇವರು ಎರಡು ಯಂತ್ರಗಳ ಗುಣದೋಷಗಳನ್ನು ರೋಗಿಯ ಕೇಸ್ ಹೇಳುವ ಹಾಗೆ ಹೇಳಿದರು. ಸುಮಂಗಲಾ ಕೇಳಿ ನಕ್ಕರು.

“ಎರಡೂ ವಾಪಸ್ ಕಳಸ್ರಿ ಡಾಕ್ಟ್ರೇ. ಹಿಂದ ಅತ್ತಿಯವರನ್ನ ಕೂಡಿಸ್ಕೊಂಡ್ರ ಸಾಕು, ಚಾರ್ಜ್ ಮಾಡೋದೂ ಬ್ಯಾಡ.”

ಎಲ್ಲರಿಗಿಂತ ಜೋರಾಗಿ ನಕ್ಕವರು ಅತ್ತೆಯೇ.

ವಾಪಸು ಹೊರಟಾಗ ನಾಲ್ಕು ಗಂಟೆ, ಆಗಲೇ ಕತ್ತಲಾಗುತ್ತಿತ್ತು. ಮಳೆ ನಿಂತಿತ್ತು. ದಾರಿಯುದ್ದಕ್ಕೂ ಚಿಕ್ಕದು ಹೇಳಿದಂತೆ ಕೇಳಿದೆ. ಅತ್ತೆ ಪ್ರಸಾದದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋದರು. ಗ್ರೀನ್‌ಫರ್ಡಿನ ಆ ಸಿಗ್ನಲ್ ಈ ಸಲ ಹಸಿರಾಗಿತ್ತು. ನೇರ ಹೋಗುತ್ತಿದ್ದೆ, ಇವರು ತಡೆದರು. ಸೂಪರ್‌ಮಾರ್ಕೆಟ್ಟಿನೊಳಗೆ ತಿರುಗಿಸು, ಹಾಲು ತಗೋಬೇಕು ಅಂದರು. ಬಾಗಿಲಿನ ಎದುರಿಗೇ ಜಾಗ ಸಿಕ್ಕಿತು.

ಇವರು ಇಳಿಯಲಿಲ್ಲ. ಒಂದಷ್ಟು ಹೊತ್ತು ಬಾಗಿಲನ್ನೇ ನೋಡುತ್ತ ಕುಳಿತರು. ಟ್ರಾಲಿ ತಳ್ಳಿಕೊಂಡು ಒಬ್ಬಾಕೆ ಒಳಗಿನಿಂದ ಬರುತ್ತಿದ್ದದ್ದು ಗಾಜಿನಲ್ಲಿ ಕಾಣಿಸಿತು.

“ಅದು ಇನ್ನು ಬರಲ್ಲ,” ಅಂದರು. ನನಗಲ್ಲ, ಯಾರಿಗೂ ಅಲ್ಲ.

ಬಾಗಿಲು ತೆರೆಯಿತು. ಕಪ್ಪು ಪೆಟ್ಟಿಗೆ ಲೊಚಗುಟ್ಟಿತು. ಇವರು ತೋರುಬೆರಳಿನಿಂದ ಗಣಪತಿಯ ಕಾಲ ಬಳಿ ಸದ್ದಾಗದ ಹಾಗೆ ತಟ್ಟಿದರು.

ಹಾಲು ಬೇಡವೇ ಎಂದು ಕೇಳಿದೆ. ಮನೆಯಲ್ಲಿದೆಯಲ್ಲ ಅಂದರು. ಇತ್ತು, ಹಿಂದಿನ ದಿನ ನಾನೇ ತಂದಿದ್ದೆ. ಗಾಡಿಯನ್ನು ರಿವರ್ಸ್ ತೆಗೆದೆ.

ಮನೆ ಮುಟ್ಟಿದ ಮೇಲೆ ಅತ್ತೆಯನ್ನು ಕೈ ಹಿಡಿದು ಇಳಿಸಿದೆ. ಇವರು ಚಿಕ್ಕ ಯಂತ್ರವನ್ನು ಬಿಚ್ಚಿ, ಅದು ಬಂದಿದ್ದ ಡಬ್ಬಿಯಲ್ಲೇ ಇಟ್ಟು, ವಾಪಸು ಕಳಿಸುವ ಚೀಟಿ ಅಂಟಿಸಿದರು. ಬಾಗಿಲ ಬೀಗ ತೆಗೆಯುತ್ತ ಒಮ್ಮೆ ತಿರುಗಿ ನೋಡಿದೆ. ಕತ್ತಲ ಕಾರಿನೊಳಗೆ ಗಣಪತಿಯ ಪಕ್ಕದಲ್ಲಿ ಕಪ್ಪು ಪೆಟ್ಟಿಗೆ ಹಾಗೇ ಇತ್ತು.