ಡಾಕ್ಟರು ಹೇಳದ ಮಾತು

ಆ ದಿನ ಡಾಕ್ಟರು ಹಾಗೆ ಹೇಳಿರಲಿಲ್ಲ. ಹೇಳಿದರೆಂದು ನಿಮಗೆ ಸುಳ್ಳು ಹೇಳಿದವಳು ನಾನು — ನಿಮ್ಮ ಹೆಂಡತಿ, ಸಿರಿಯ ತಾಯಿ. ಇಷ್ಟು ವರ್ಷ ಅದನ್ನು ನುಂಗಿಕೊಂಡು ನಿಮ್ಮ ತಟ್ಟೆಗೆ ಅನ್ನ ಬಡಿಸಿದ್ದೇನೆ.

ಸಿರಿಗೆ ಆಗ ಮೂರು ವರ್ಷ. ಸಂಜೆ ಆಫೀಸಿನಿಂದ ಬಂದವರೇ ಅವಳ ಕೈ ಹಿಡಿದು ನಮ್ಮ ಹೂಡಿ ಬಡಾವಣೆಯ ರಸ್ತೆಗೆ ಇಳಿಯುತ್ತಿದ್ದಿರಿ. ಧೂಳು, ಹಾರ್ನು, ಅಗೆದ ಫುಟ್‌ಪಾತು — ಅಲ್ಲಿ ಮಗುವಿಗೆ ತೋರಿಸುವಂಥದ್ದು ಏನಿತ್ತೋ! ಒಮ್ಮೆ ನಾನೂ ಹಿಂದೆ ಬಂದೆ. ಕಾಂಕ್ರೀಟು ತಿರುಗಿಸುತ್ತ ಒಂದು ಲಾರಿ ಹೋಯಿತು.

“ಇದು ಯಾರ ಮನಿಗೆ ದ್ವಾಸಿ ಹಿಟ್ಟು ಒಯ್ಯಾಕತ್ತೈತಿ, ಹೇಳವಾ?” ಎಂದಿರಿ, ನಿಮ್ಮ ಹಾವೇರಿಯ ಮಾತಿನಲ್ಲಿ.

“ಮೆಟ್ರೋ ಕಂಬದಪ್ಪನ ಮನಿಗೆ! ನಿಂತು ನಿಂತು ಅವಂಗ ಹೊಟ್ಟಿ ಹಸದೈತಿ!”

ಮನೆ ಸೇರುವಷ್ಟರಲ್ಲಿ ಕಂಬದಪ್ಪನಿಗೆ ಹೆಂಡತಿ, ಮಕ್ಕಳು, ಹಲ್ಲುನೋವು ಎಲ್ಲ ಬಂದಿತ್ತು. ನನ್ನ ಹತ್ತಿರ ಮಾತ್ರ — ಹಾಲು ಬೇಕು, ಬೇಡ, ಅಷ್ಟೇ. ನನಗೆ ಹೊಟ್ಟೆಕಿಚ್ಚಾಯಿತು. ಅದಕ್ಕೆ ಬೇರೆ ಹೆಸರಿಲ್ಲ.

ಆಮೇಲೆ ಅವಳನ್ನು ಸೇರಿಸಬೇಕೆಂದಿದ್ದ ಶಾಲೆಯ ಇಂಟರ್‌ವ್ಯೂ. ಬಸ್ಸಿನ ಚಿತ್ರ ತೋರಿಸಿ ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದರೆ, ನಮ್ಮವಳು “ಇದು ಮಂದಿನ್ನ ನುಂಗೇತಿ” ಎಂದಳು. ಮೇಡಂ ನಕ್ಕರು. ಸೀಟು ಸಿಗಲಿಲ್ಲ. ನಾಚಿಕೆಯಿಂದ ಕುದಿಯುತ್ತ, ಮಾತಿನಲ್ಲೇನೋ ದೋಷವಿದೆಯೆಂದು ಅವಳನ್ನು ಮಕ್ಕಳ ಡಾಕ್ಟರ ಬಳಿ ಕರೆದೊಯ್ದೆ. ನಿಮಗೆ ರಜೆ ಸಿಕ್ಕಿರಲಿಲ್ಲ.

“ಮಗು ಚೆನ್ನಾಗೇ ಇದೆ ಮೇಡಂ. ಅಪ್ಪನ ಜೊತೆ ಆಡೋ ಆಟ ಮಾತ್ರ ನಿಲ್ಲಿಸ್ಬೇಡಿ,” ಎಂದರು ಅವರು.

ಮನೆಗೆ ಬಂದು ನಾನು ಹೇಳಿದ್ದೇ ಬೇರೆ. “ನಿಮ್ಮ ಆ ಭಾಷೆ, ಆ ಇಲ್ಲದ ಕಥೆ — ಅದ್ರಿಂದ್ಲೇ ಮಗು ಹಾಳಾಗ್ತಿರೋದಂತೆ. ನಿಲ್ಲಿಸ್ಬೇಕಂತೆ. ಡಾಕ್ಟ್ರು ಹೇಳಿದ್ರು.”

ನೀವು ಜಗಳಕ್ಕೆ ನಿಂತಿದ್ದರೆ... “ಹೌದೇನು?” ಎಂದಿರಿ, ಅಷ್ಟೇ. ಮರುದಿನದಿಂದ ಅವಳೊಡನೆ ತಡವರಿಸುವ ಇಂಗ್ಲಿಷು; ಬರಬರುತ್ತ ಅದೂ ಇಲ್ಲ. ಸಿರಿ ಕೆಲವು ಸಂಜೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕಾದಳು, ಆಮೇಲೆ ಬಿಟ್ಟಳು. ನನ್ನ ಹತ್ತಿರವೂ ಬರಲಿಲ್ಲ. ಈಗ ಐದನೆಯ ಕ್ಲಾಸು, ಇಂಗ್ಲಿಷು ಅರಳು ಹುರಿದಂತೆ ಮಾತಾಡುತ್ತಾಳೆ — ಹೊರಗಿನವರ ಜೊತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಎರಡನ್ನೂ ಒಟ್ಟಿಗೇ ಮಾಡಿದೆ.

ಮೊನ್ನೆ ನಿಮ್ಮ ತಂಗಿ ತನ್ನ ಕೂಸನ್ನು ಕರೆತಂದಿದ್ದಳು. ಅದು ನಿಮ್ಮ ಬೆರಳು ಹಿಡಿದು ಹೊರಗೆ ಹೋಗೋಣವೆಂದು ಎಳೆಯಿತು. ನೀವು ಮೆಲ್ಲಗೆ ಬೆರಳು ಬಿಡಿಸಿಕೊಂಡಿರಿ.

“ನೀನ ಕರಕೊಂಡು ಹೋಗವಾ. ನನ್ನ ಮಾತು ಕೂಸುಗಳಿಗೆ ಚಲೋ ಅಲ್ಲ,” ಎಂದಿರಿ ತಂಗಿಗೆ.

ನಗುತ್ತಲೇ ಅಂದಿರಿ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಆಗಲೂ ಒಳಗೆ ಹೋಗಿ ನಿಮ್ಮ ತಟ್ಟೆಗೆ ಅನ್ನ ಬಡಿಸಿದೆ, ಅಷ್ಟೇ.